ಕಂಪ್ಯೂಟರ್ ಲೆಕ್ಕ ನಂಬಿ ಕೊಲೊನೋಸ್ಕೋಪಿ ಮಾಡಿಸಬೇಕಾ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ವಯಸ್ಸು 46. ಯಾವ ತೊಂದರೆಯೂ ಇಲ್ಲ. ಆದರೂ ಡಾಕ್ಟರು ಕೊಲೊನೋಸ್ಕೋಪಿ ಮಾಡಿಸಿ ಅಂತಾರೆ. ಮೊದಲು 50ಕ್ಕೆ ಶುರು ಮಾಡುತ್ತಿದ್ದರಂತೆ, ಈಗ ಕಂಪ್ಯೂಟರ್ ಮಾಡೆಲ್ ನೋಡಿ 45ಕ್ಕೆ ಇಳಿಸಿದ್ದಾರಂತೆ. ನಿಜವಾದ ಜನರನ್ನು ನೋಡದೆ ಹಾಕಿದ ಲೆಕ್ಕ ನಂಬೋದು ಹೇಗೆ? ಹಾಸನದಲ್ಲಿರುವ ನಮ್ಮಪ್ಪನಿಗೆ 74. ಮೂಲವ್ಯಾಧಿಯಿಂದ ಆರು ತಿಂಗಳಿಂದ ಆಗಾಗ ರಕ್ತ ಹೋಗುತ್ತೆ, ಅಷ್ಟು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾರೆ. ಅವರು ಇಂಥ ಪರೀಕ್ಷೆ ಯಾವತ್ತೂ ಮಾಡಿಸಿಲ್ಲ.

ಉತ್ತರ: ಮೊದಲು ನಿಮ್ಮ ವಿಷಯ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು. ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಅನ್ನೋ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಕೊಲೊನೋಸ್ಕೋಪಿ ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳಿನ ಒಳಗೆ ನೋಡೋದು. ಪರದೆಯ ಮೇಲೆ ಒದ್ದೆ ಗುಲಾಬಿ ಬಣ್ಣದ ಗೋಡೆ, ಅದರ ಮೇಲೊಂದು ಕಡಲೆಕಾಳಿನಷ್ಟು ಉಬ್ಬು. ಕೆಲವಕ್ಕೆ ಅಣಬೆಯ ಹಾಗೆ ತೊಟ್ಟೂ ಇರುತ್ತೆ. ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆದುಬಿಡುತ್ತೇವೆ. ಬಹಳಷ್ಟು ಪಾಲಿಪ್‌ಗಳು ಬಿಟ್ಟರೂ ಕ್ಯಾನ್ಸರ್ ಆಗೋದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು.

ತೊಡಕಿರೋದು ಇಲ್ಲೇ. ಕೊಲೊನೋಸ್ಕೋಪಿಯಿಂದ ಎಷ್ಟು ಲಾಭ ಅಂತ ನೋಡೋಕೆ ಪೋಲೆಂಡ್, ನಾರ್ವೆ, ಸ್ವೀಡನ್‌ನಲ್ಲಿ 2009ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಹತ್ತು ವರ್ಷದ ಫಲಿತಾಂಶ ಹೊರಬಂದಿದ್ದು 2022ರಲ್ಲಿ. ಅದೂ 55ರಿಂದ 64ರ ವಯಸ್ಸಿನವರದ್ದು. 45ರವರನ್ನು ಹೀಗೇ 75ರವರೆಗೆ ನೋಡಬೇಕೆಂದರೆ ಮೂವತ್ತು ವರ್ಷ ಕಾಯಬೇಕಲ್ವಾ?

ಅದಕ್ಕೇ ಮಾಡೆಲ್. ಕಂಪ್ಯೂಟರಿನಲ್ಲಿ ಒಬ್ಬ ಮನುಷ್ಯನಿಗೆ ಎರಡು ಸಲ ಬದುಕು ಕೊಡುತ್ತಾರೆ. ಒಂದು ಸಲ ಪರೀಕ್ಷೆ ಇಲ್ಲ; ಪಾಲಿಪ್ ಬೆಳೆದರೆ ಬೆಳೆಯುತ್ತೆ. ಇನ್ನೊಂದು ಸಲ 45ಕ್ಕೆ ಪರೀಕ್ಷೆ ಮಾಡಿ ತೆಗೆಯುತ್ತಾರೆ. ಹೀಗೆ ಲಕ್ಷಾಂತರ ಜನರಿಗೆ. ಪಾಲಿಪ್ ಯಾವ ವಯಸ್ಸಿಗೆ ಎಷ್ಟು ಜನರಲ್ಲಿ ಬರುತ್ತೆ ಅನ್ನೋ ಅಂಕಿಗಳನ್ನು ಸುಮ್ನೆ ಊಹಿಸಿದ್ದಲ್ಲ. ಮರಣೋತ್ತರ ಪರೀಕ್ಷೆ, ಕೊಲೊನೋಸ್ಕೋಪಿ, ಕ್ಯಾನ್ಸರ್ ನೋಂದಣಿಯ ದಾಖಲೆಗಳಿಂದ ತಂದದ್ದು. ಅಲ್ಲಿ ಇದ್ದದ್ದು ನಿಜವಾದ ಜನರೇ.

ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ವಯಸ್ಸು ಇಳಿಸಿದಾಗ ಮೂರು ಬೇರೆ ಬೇರೆ ಮಾಡೆಲ್‌ಗಳ ಉತ್ತರ ಹತ್ತಿರಹತ್ತಿರ ಬಂದಿತ್ತು. 50ರ ಬದಲು 45ಕ್ಕೆ ಶುರು ಮಾಡಿದರೆ 1000 ಜನರಲ್ಲಿ ಇನ್ನೂ 2-3 ಕ್ಯಾನ್ಸರ್, ಸುಮಾರು ಒಂದು ಸಾವು ತಪ್ಪುತ್ತೆ. ಒಟ್ಟು ಆಯಸ್ಸು 22ರಿಂದ 27 ವರ್ಷ ಜಾಸ್ತಿ. ತಲೆಗೆ ಹಂಚಿದರೆ ಎಂಟು-ಹತ್ತು ದಿನ ಅಷ್ಟೇ. ಆದರೆ ಅದು ಹಾಗೆ ಹಂಚಿಕೊಂಡು ಬರೋದಿಲ್ಲ. ಯಾರೋ ಇಬ್ಬರು ಮೂವರಿಗೆ ಸುಮಾರು ಹತ್ತು ವರ್ಷ ಸಿಗುತ್ತೆ. ಅವರು ಯಾರು ಅಂತ ಮೊದಲೇ ಗೊತ್ತಾಗೋದಿಲ್ಲ.

ಮಾಡೆಲ್‌ನಲ್ಲಿ ಎಲ್ಲರೂ ಹೇಳಿದ ಹೊತ್ತಿಗೆ ಪರೀಕ್ಷೆಗೆ ಬರುತ್ತಾರೆ. ಆ ಯುರೋಪಿನ ಅಧ್ಯಯನದಲ್ಲಿ ಕರೆದವರಲ್ಲಿ ಬಂದವರು ನೂರಕ್ಕೆ 42 ಮಾತ್ರ. ಬಾರದವರಿಗೆ ಆ ಲಾಭ ಸಿಗೋದಿಲ್ಲ, ಅದಕ್ಕೇ ನೀವು ಹೋಗಿ ಮಾಡಿಸಿಕೊಳ್ಳಿ. ಕೊಲೊನೋಸ್ಕೋಪಿಗೆ ಮನಸ್ಸಿಲ್ಲದಿದ್ದರೆ ವರ್ಷಕ್ಕೊಮ್ಮೆ ಮಲದಲ್ಲಿ ಕಾಣದ ರಕ್ತ ಹುಡುಕುವ ಪರೀಕ್ಷೆಯೂ ಇದೆ. ಆದರೆ ಅದರಲ್ಲಿ ರಕ್ತ ಸಿಕ್ಕರೆ ಕೊಲೊನೋಸ್ಕೋಪಿ ತಪ್ಪಿಸೋ ಹಾಗಿಲ್ಲ.

ಈಗ ನಿಮ್ಮ ಅಪ್ಪ. ನನಗೆ ಚಿಂತೆ ಹತ್ತಿದ್ದು ಅವರದ್ದೇ. ಮೇಲಿನ ಲೆಕ್ಕವೆಲ್ಲ ಲಕ್ಷಣ ಇಲ್ಲದವರದ್ದು, ಅದರಲ್ಲೂ ಅಮೆರಿಕದ ಜನರದ್ದು. ನಿಮ್ಮ ಅಪ್ಪನಿಗೆ ಅದು ಸಂಬಂಧವಿಲ್ಲ. 74ರಲ್ಲಿ ಆರು ತಿಂಗಳಿಂದ ರಕ್ತ ಹೋಗುತ್ತಿದ್ದರೆ, ಒಳಗೆ ನೋಡದೆ ಮೂಲವ್ಯಾಧಿ ಅಂತ ಹೇಳೋಕೆ ಯಾರಿಗೂ ಆಗೋದಿಲ್ಲ. ಬರೀ ಮೂಲವ್ಯಾಧಿಯೇ ಇರಬಹುದು, ಇರಲಿ ಅಂತಲೇ ನನ್ನ ಆಸೆ. ಇವತ್ತೇ ಫೋನ್ ಮಾಡಿ. ತೂಕ ಇಳಿದಿದೆಯಾ, ಸುಸ್ತಾಗುತ್ತಾ, ಮಲಕ್ಕೆ ಹೋಗುವ ರೀತಿ ಬದಲಾಗಿದೆಯಾ ಕೇಳಿ. ಇಲ್ಲ ಅಂದರೂ ಈ ವಾರವೇ ಯಾರನ್ನಾದರೂ ಜೊತೆ ಮಾಡಿ ಡಾಕ್ಟರ ಹತ್ತಿರ ಕಳಿಸಿ.