ಈವನ್‌ಸಾಂಗ್ ಪ್ರಾರ್ಥನೆಯೋ, ಸಂಗೀತ ಕಚೇರಿಯೋ?

ಕಾರವಾರದ ನಿಮ್ಮ ಚರ್ಚಿನಲ್ಲಿ ಕೊಂಕಣಿ ಗೀತೆಗಳಿಗೆ ಇಡೀ ಸಭೆ ದನಿಗೂಡಿಸುತ್ತದೆ. ಇಂಗ್ಲೆಂಡಿನಲ್ಲಿ ಮಗಳ ಊರಿನ ಹಳೆಯ ಆಂಗ್ಲಿಕನ್ ಚರ್ಚಿನಲ್ಲಿ, ಈವನ್‌ಸಾಂಗ್ ಎಂಬ ಸಂಜೆಯ ಆರಾಧನೆಯಲ್ಲಿ, ಗಾಯಕವೃಂದವೇ ಎಲ್ಲವನ್ನೂ ಹಾಡಿ ಮುಗಿಸಿತು, ಇದೆಂಥ ಪ್ರಾರ್ಥನೆ ಎಂದು ಕೇಳಿದ್ದೀರಿ. ಪ್ರಾರ್ಥನೆಯೇ, ಅನುಮಾನ ಬೇಡ. ಚಪ್ಪಾಳೆಗೆ ಅಲ್ಲಿ ಜಾಗವಿಲ್ಲ. ಕಿವಿಗೊಟ್ಟು ಕೂತವರೂ ಪಾಲ್ಗೊಂಡಂತೆಯೇ ಲೆಕ್ಕ. ವಿಶ್ವಾಸ ಪ್ರಮಾಣವನ್ನಂತೂ ಎಲ್ಲರೂ ಎದ್ದು ನಿಂತು ಹೇಳುತ್ತಾರೆ.

ಇಂಗ್ಲೆಂಡಿನ ಚರ್ಚಿನ 1549ರ ಪ್ರಾರ್ಥನಾ ಪುಸ್ತಕದಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಹಳೆಯ ಲ್ಯಾಟಿನ್ ವಿಧಿಗಳಾದ ವೆಸ್ಪರ್ಸ್ (ಸಂಜೆಯ ಪ್ರಾರ್ಥನೆ) ಮತ್ತು ಕಾಂಪ್ಲಿನ್ (ಮಲಗುವ ಮುನ್ನದ ಪ್ರಾರ್ಥನೆ)ಗಳನ್ನು ಬೆಸೆದು ಇದನ್ನು ರೂಪಿಸಿದರು. ಕ್ಯಾಥೊಲಿಕರಾದ ನಿಮಗೆ ಗೊತ್ತಿರುವ ಮರಿಯಳ ಸ್ತುತಿಗೀತೆ, ಸಿಮೆಯೋನನ ಗೀತೆ ಎರಡೂ ಒಂದೇ ಸಂಜೆ ಕೇಳಿಬಂದದ್ದು ಆ ಬೆಸುಗೆಯಿಂದಲೇ.

ನಿಮಗೆ ವಿಚಿತ್ರವೆನಿಸಿದ, ಬೈಬಲಿನ ಕೀರ್ತನೆಗಳ ಹಾಡಿಕೆಯೇ ನನಗೆ ಬಲು ಇಷ್ಟ. ಅದರಲ್ಲಿ ಕಟ್ಟುನಿಟ್ಟಿನ ತಾಳವಿಲ್ಲ. ಸಾಲಿನ ಬಹುಪಾಲು ಪದಗಳನ್ನು ಒಂದೇ ಸ್ವರದಲ್ಲಿ, ಮಾತಿನ ಓಟದಲ್ಲೇ ಹೇಳಿ, ಕೊನೆಯ ಕೆಲವು ಅಕ್ಷರಗಳಲ್ಲಿ ಸ್ವರ ಬದಲಿಸುತ್ತಾರೆ. ಸಾಲು ಉದ್ದವಾದರೆ ಆ ಮೊದಲ ಸ್ವರವೂ ಹಿಗ್ಗುತ್ತದೆ. ನಾಲ್ಕು ಧ್ವನಿಭಾಗಗಳೂ ಅದೇ ಅಕ್ಷರದಲ್ಲಿ ತಿರುಗಬೇಕು, ಕಷ್ಟವಿರುವುದು ಅಲ್ಲಿ! ಎದುರುಬದುರು ಕೂತ ಎರಡು ಬಣಗಳು ಚರಣಗಳನ್ನು ಸರದಿಯಂತೆ ಹಾಡುತ್ತವೆ. ಸಾಮಾನ್ಯವಾಗಿ ದಕ್ಷಿಣದ ಬಣಕ್ಕೆ ಡೆಕನೈ, ಉತ್ತರದ್ದಕ್ಕೆ ಕ್ಯಾಂಟೋರಿಸ್ ಎಂದು ಹೆಸರು.

ನಿಮ್ಮ ಗಾಯಕವೃಂದದಲ್ಲಿ ಪ್ರಯತ್ನಿಸಬಹುದೇ ಎಂದಿರಿ. ಧಾರಾಳವಾಗಿ. ಆದರೆ ಸ್ವರ ಎಲ್ಲಿ ಬದಲಾಗಬೇಕೆಂದು ಇಂಗ್ಲಿಷಿನ ಒತ್ತಿಗೆ ಹೊಂದಿಸಿದ ಗುರುತುಗಳನ್ನು ಕೊಂಕಣಿಯ ಮೇಲೆ ಹೇರಬೇಡಿ, ಕೇಳಲಾಗುವುದಿಲ್ಲ. ಎರಡೇ ಚರಣಗಳ 117ನೆಯ ಕೀರ್ತನೆಯನ್ನು ಆರಿಸಿಕೊಂಡು, ಹಾರ್ಮೋನಿಯಂ ಮುಟ್ಟುವ ಮೊದಲು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಿ. ಎಲ್ಲಿ ತಿರುಗಬೇಕೆಂಬುದನ್ನು ಆಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ.