ಯುಟಿಲಿಟಿಯ ಹಗ್ಗ, ಒಂದು ಅಂಗಿಯ ದಾರಿ

ನನ್ನ ಹತ್ತಿರ ಸಲಹೆಗೆ ಬಂದ ಒಂದು ಮನೆಯ ಕತೆ ಇದು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವಂಥದ್ದೆಲ್ಲ ಬದಲಾಯಿಸಿ ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ಫ್ಲ್ಯಾಟು. ಗಂಡ, ಹೆಂಡತಿ, ಎರಡನೇ ಕ್ಲಾಸಿನ ಮಗಳು, ಮಲೆನಾಡಿನಿಂದ ಬಂದು ಜೊತೆಗಿರುವ ಅತ್ತೆ.

ಹೆಂಡತಿ ಬಂದು ಕೂತ ತಕ್ಷಣ ಕೇಳಿದ್ದು, "ಮೇಡಂ, ಬಟ್ಟೆ ಒಣಹಾಕೋ ಹಗ್ಗಕ್ಕೆ ಜಗಳ ಅಂದ್ರೆ ಯಾರಾದ್ರೂ ನಂಬ್ತಾರಾ?" ನಾನು ನಂಬಿದೆ. ಆದರೆ ಮನೆಯಲ್ಲಿ ಕೈ ಮಾಡುವುದು, ಹೆದರಿಸುವುದು ಇದೆಯಾ ಅಂತ ಮೊದಲು ಕೇಳಿಕೊಂಡೆ. ಇರಲಿಲ್ಲ. ಇದ್ದಿದ್ದರೆ ಹಗ್ಗದ ಮಾತು ಬಿಟ್ಟು 181 ಮಹಿಳಾ ಸಹಾಯವಾಣಿಯ ಮಾತಾಡುತ್ತಿದ್ದೆ.

ಯುಟಿಲಿಟಿಯ, ಅಂದರೆ ಬಟ್ಟೆ ಒಗೆದು ಒಣಹಾಕುವ ಪುಟ್ಟ ಜಾಗದ, ಫೋಟೋ ತರಿಸಿ ನೋಡಿದೆ. ವಾಷಿಂಗ್ ಮೆಷಿನ್, ಅದರ ಮೇಲೆ ಹಳೇ ಪಾತ್ರೆ, ಪಕ್ಕದಲ್ಲಿ ಸಿಲಿಂಡರ್, ಈರುಳ್ಳಿ ಬುಟ್ಟಿ, ನೆನೆಸಿಟ್ಟ ಬಕೆಟ್. ಮೇಲೆ ಒಂದೇ ಹಗ್ಗ. ಅತ್ತೆಯ ಮಡಿ ಸೀರೆ ಬೇರೆಯಾಗಿ ಒಣಗಬೇಕು, ಊರಿನಲ್ಲಿ ಕೋಲಿನಿಂದ ಎತ್ತಿ ಗಳದ ಮೇಲೆ ಹಾಕಿ ರೂಢಿ. ಇಲ್ಲೂ ಬೆಳಗ್ಗೆ ಐದಕ್ಕೆ ಎದ್ದು, ಸೊಸೆ ರಾತ್ರಿ ಹನ್ನೊಂದಕ್ಕೆ ಒಣಹಾಕಿ ಮಲಗಿದ ಬಟ್ಟೆಯನ್ನೆಲ್ಲ ಕೋಲಿನಿಂದ ಒಂದು ತುದಿಗೆ ತಳ್ಳಿ ಸೀರೆ ಹರವುತ್ತಿದ್ದರು. ತಳ್ಳಿದ್ದು ಒಣಗದೆ ಮುಗ್ಗಲು ವಾಸನೆ. ಮಗಳ ಯೂನಿಫಾರಂ ತಣ್ಣಗೆ, ಒದ್ದೆ. "ಆ ಕೋಲು ನನ್ನನ್ನೇ ತಳ್ಳಿದ ಹಾಗೆ ಆಗುತ್ತೆ" ಅಂದಳು.

ಗಂಡನದು ಒಂದೇ ಮಾತು, "ಹೇಳಿದ್ರೆ ಮಾಡ್ತೀನಿ." ಹೇಳುವುದೂ ಒಂದು ಕೆಲಸವೇ ಅಲ್ವಾ? 2019ರ ಕೇಂದ್ರದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97. ಕೆಲಸವನ್ನು ನೆನಪಿಟ್ಟುಕೊಳ್ಳುವ ಭಾರ ಈ ನಿಮಿಷಗಳಲ್ಲಿ ಕಾಣುವುದಿಲ್ಲ.

ಮೂವರನ್ನೂ ಕೂರಿಸಿ ಗಂಡನ ಒಂದು ಅಂಗಿಯ ದಾರಿ ಬರೆಸಿದೆ. ಮೈಯಿಂದ ಬಿಚ್ಚಿದಾಗಿನಿಂದ ಮತ್ತೆ ಬೀರು ಸೇರುವ ತನಕ, ಒಂದೊಂದು ಹೆಜ್ಜೆಗೂ ಯಾರ ಕೈ ಅಂತ. ಜೇಬು ನೋಡುವುದು, ಕಾಲರ್ ಉಜ್ಜುವುದು, ಮೆಷಿನ್‌ಗೆ ಹಾಕುವುದು, ಹೀಗೆ. ಗಂಡನ ಹೆಸರು ಬಿಚ್ಚುವಲ್ಲಿ ಮಾತ್ರ ಬಂತು, ಅವರು ತಲೆ ತಗ್ಗಿಸಿದರು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅತ್ತೆಯ ಹೆಸರು. ಮಳೆ ಬಂದಾಗ ಕಿಟಕಿ ಕಡೆಯದನ್ನು ಒಳಗೆ ತರುವುದು, ಬಿದ್ದ ಗುಂಡಿ ಹೊಲಿಯುವುದು, ಕುರ್ಚಿ ಮೇಲಿನ ರಾಶಿ ಮಡಚುವುದು, ಇಸ್ತ್ರಿಯವನಿಗೆ ಎಣಿಸಿ ಕೊಡುವುದು. ಸೊಸೆ ಆಫೀಸಿನಲ್ಲಿದ್ದಾಗ ನಡೆಯುವ ಕೆಲಸ ಇವು, ಅವಳು ನೋಡಿಯೇ ಇರಲಿಲ್ಲ. ಚೀಟಿಯನ್ನು ಎರಡು ಸಲ ಓದಿದಳು. "ಗುಂಡಿ ನೀವಾ ಹಾಕ್ತಿದ್ದದ್ದು ಅತ್ತೆ?" ಅಂದಳು.

ಆಮೇಲೆ ಸಲಹೆ. ಹಗ್ಗ ಬಿಚ್ಚಿ, ಚಾವಣಿಗೆ ರಾಟೆಯಿಂದ ಇಳಿಸುವ ಆರು ಕಡ್ಡಿಯ ಹ್ಯಾಂಗರ್ ಹಾಕಿಸಿ. ಕಿಟಕಿ ಕಡೆಯ ಕಡ್ಡಿ ಪೂರ್ತಿ ಅತ್ತೆಯದು. ಅದನ್ನು ಯಾರೂ ಮುಟ್ಟಬಾರದು, ಅವರೂ ಉಳಿದ ಐದಕ್ಕೆ ಕೋಲು ತಾಗಿಸಬಾರದು. ಮಡಿ ಬೇಕೋ ಬೇಡವೋ ಅಂತ ನಾನು ಚರ್ಚೆ ಮಾಡಲಿಲ್ಲ. ಅವರ ನಂಬಿಕೆಗೆ ಒಂದು ಕಡ್ಡಿಯಷ್ಟು ಜಾಗ ಸಿಕ್ಕರೆ ಸಾಕಿತ್ತು.

ಈರುಳ್ಳಿ, ಪಾತ್ರೆ ಅಲ್ಲಿಂದ ಹೊರಗೆ. ಬುಟ್ಟಿ ಮೂರು: ಬಿಳಿ, ಬಣ್ಣ, ಯೂನಿಫಾರಂ. ಮೆಷಿನ್ ನಿಂತ ಕೂಡಲೇ ಬಟ್ಟೆ ತೆಗೆದು ಮುಚ್ಚಳ ತೆರೆದಿಡಿ, ವಾಸನೆ ಅರ್ಧ ಅಲ್ಲೇ ಹೋಗುತ್ತದೆ.

ಗಂಡನಿಗೆ "ಸಹಾಯ" ಅನ್ನುವ ಪದ ಬಿಡಿ ಅಂದೆ. ಯೂನಿಫಾರಂ ಮತ್ತು ಹಾಸಿಗೆ ಬಟ್ಟೆ ಒಗೆಯುವುದರಿಂದ ಬೀರುವಿನ ತನಕ ಪೂರ್ತಿ ಅವರದು, ಯಾರೂ ನೆನಪಿಸುವಂತಿಲ್ಲ. ಆಕೆಗೆ ಹೇಳಿದ್ದು ಇನ್ನೂ ಕಷ್ಟದ್ದು: ಅವರು ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಬೇಡಿ. ಸುಮ್ನೆ ಬಿಡಿ.

ಆರು ವಾರದ ಮೇಲೆ ಬಂದರು. ಜಗಳ ಪೂರ್ತಿ ನಿಂತಿಲ್ಲ. ಎರಡನೇ ವಾರ ಗಂಡ ಮರೆತು, ಮಗಳು ಬಣ್ಣದ ಫ್ರಾಕಿನಲ್ಲೇ ಶಾಲೆಗೆ ಹೋದಳಂತೆ, ಆಕೆ ತುಟಿ ಕಚ್ಚಿಕೊಂಡು ಸುಮ್ಮನಿದ್ದಳಂತೆ. ಆಮೇಲೆ ಅವರು ಮರೆತಿಲ್ಲ. ಅತ್ತೆ ತಮ್ಮ ಕಡ್ಡಿಗೆ ಕೆಂಪು ದಾರ ಕಟ್ಟಿದ್ದಾರೆ. ಈಗ ಸೊಸೆ ಗುಂಡಿ ಬಿದ್ದ ಅಂಗಿಗಳನ್ನು ಅವರ ಕೈಗೇ ಕೊಟ್ಟು, ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ.