ಸ್ಯಾಕ್ರಮೆಂಟಮ್ ಬ್ಯಾಂಡಿನ 'ಫಾರ್ ಅವೇ ಫ್ರಮ್ ದ ಸನ್' ಆಲ್ಬಮ್ ಬರೀ ಡಿಸೆಕ್ಷನ್ ಅನ್ನುವ ಇನ್ನೊಂದು ಸ್ವೀಡಿಷ್ ಬ್ಯಾಂಡಿನ ನಕಲಾ?

ಅಲ್ಲ. ಆದರೆ ಹಾಗೆ ಅನ್ನಿಸುವುದಕ್ಕೆ ಕಾರಣ ಇದೆ.

ಸ್ಯಾಕ್ರಮೆಂಟಮ್ ಸ್ವೀಡನ್ನಿನ ಫಾಲ್‌ಶೋಪಿಂಗ್ (Falköping) ಅನ್ನುವ ಸಣ್ಣ ಊರಿನ ಬ್ಲ್ಯಾಕ್ ಮೆಟಲ್ ಬ್ಯಾಂಡ್, ಅಂದರೆ ವೇಗದ ಗಿಟಾರ್, ಕರ್ಕಶ ಕೂಗು ಇರುವ ಕರಾಳ ಸಂಗೀತ. ಈ ಆಲ್ಬಮ್ ಬಂದದ್ದು 1996ರಲ್ಲಿ, ಅಂದರೆ ಡಿಸೆಕ್ಷನ್‌ನ 'ಸ್ಟಾರ್ಮ್ ಆಫ್ ದ ಲೈಟ್ಸ್ ಬೇನ್' ಬಂದ ಮರುವರ್ಷ. ಸಾಲದ್ದಕ್ಕೆ ಎರಡರ ಮುಖಪುಟದ ಚಿತ್ರವನ್ನೂ ಬರೆದವರು ಒಬ್ಬರೇ, ನೆಕ್ರೊಲಾರ್ಡ್ ಅಂತ ಹೆಸರಾದ ಕ್ರಿಸ್ಟಿಯನ್ ವೊಲಿನ್. ಅದೇ ತಣ್ಣನೆಯ ನೀಲಿ, ಹೋಲಿಸದೆ ಇರುವುದು ಕಷ್ಟ ಅಲ್ವಾ?

ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಡಿಸೆಕ್ಷನ್‌ನಲ್ಲಿ ಹಳೆಯ ಹೆವಿ ಮೆಟಲ್‌ನ ಗತ್ತು ಜಾಸ್ತಿ, ನಡುನಡುವೆ ನಿಧಾನವಾಗಿ ಉಸಿರು ಬಿಡುವ ಜಾಗಗಳೂ ಇವೆ. ಇಲ್ಲಿ ಗಿಟಾರ್ ಬಿಡುವೇ ಕೊಡುವುದಿಲ್ಲ: ತಂತಿಯನ್ನು ಮೇಲೆ ಕೆಳಗೆ ಸತತವಾಗಿ, ತುಂಬಾ ವೇಗವಾಗಿ ಮೀಟುತ್ತಾರೆ, ಒಂದು ಗಿಟಾರ್ ರಾಗ ಹಿಡಿದರೆ ಇನ್ನೊಂದು ಅದಕ್ಕೆ ಹೊಂದುವ ಬೇರೆ ಸ್ವರಗಳಲ್ಲಿ ಜೊತೆಗೇ ಓಡುತ್ತದೆ, ಹಾಗಾಗಿ ಡ್ರಮ್ಸ್ ಎಷ್ಟೇ ಅಬ್ಬರಿಸಿದರೂ ಕೊನೆಗೆ ಕಿವಿಯಲ್ಲಿ ಉಳಿಯುವುದು ಒಂದು ದುಃಖದ ರಾಗ. ಗಾಯಕ ನಿಸ್ಸೆ ಕಾರ್ಲೆನ್ ಅವರ ಕರ್ಕಶ ಕೂಗು ಅದರ ಮೇಲೆ. ರೆಕಾರ್ಡ್ ಮಾಡಿದ್ದು ಸ್ವೀಡನ್ನಿನ ಸಂಗೀತಗಾರ, ನಿರ್ಮಾಪಕ ಡಾನ್ ಸ್ವಾನೊ ಅವರ ಯೂನಿಸೌಂಡ್ ಸ್ಟುಡಿಯೋದಲ್ಲಿ, ಅದಕ್ಕೇ ಇಷ್ಟು ಗದ್ದಲದಲ್ಲೂ ಸ್ವರಗಳು ಕಲಸಿಹೋಗಿಲ್ಲ.

ಹೊರತಂದದ್ದು ಅಡಿಪೊಸೇರ್ ಅನ್ನುವ ಸಣ್ಣ ಫ್ರೆಂಚ್ ಕಂಪನಿ. ದೊಡ್ಡ ಹೆಸರು ಆಗ ಬರದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ. ಮುಂದಿನ ಎರಡು ಆಲ್ಬಮ್‌ಗಳು (1997, 1999) ಡೆತ್ ಮೆಟಲ್ (ಇನ್ನೂ ಭಾರವಾದ, ಗಡುಸು ದನಿಯ ಮೆಟಲ್) ಕಡೆ ವಾಲಿದವು, ನನಗೇನೂ ಅಷ್ಟು ಹಿಡಿಸಲಿಲ್ಲ.

ಸುಮ್ನೆ ಒಂದು ಹಾಡು ಕೇಳಿ ಬಿಡಬೇಡಿ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ.